ಸಗಣಿ ಉಳಿಸಿದ ವರ್ಷ

ನಮ್ಮ ಯಜಮಾನರಿಗೆ ಹೊತ್ತು ಉಳಿಸುವ ಹುಚ್ಚು ಹತ್ತಿದ್ದು ಸತ್ಯಮಂಗಲದಲ್ಲಿ. ಬೆಳಿಗ್ಗೆ ಗುಮಟಾಪುರದಿಂದ ಹೊರಡುವಾಗ ಚೆನ್ನಾಗೇ ಇದ್ದರು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೊಳ್ಳಲು ಹೋಗಿದ್ದವರು ಸಂಜೆ ಬಸ್ಸಿಳಿದು ಬಂದಾಗ ಕೈಯಲ್ಲಿ ಪಟ್ಟಿ ಇರಲಿಲ್ಲ, ಮುಖದಲ್ಲಿ ಮಾತ್ರ ಮದುವೆ ಗಂಡಿನ ಕಳೆ ಇತ್ತು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷದ ಮೇಲಾಗಿ, ಮಕ್ಕಳೂ ಆಗಿದ್ದವು.

“ಕೇಳಮ್ಮಿ ಇಲ್ಲಿ,” ಎಂದರು ಚಪ್ಪಲಿ ಬಿಡುವ ಮೊದಲೇ. “ಕಡ್ಡಿ ಗೀಚುದ್ರೆ ಸಾಕು, ನೀಲಿ ಬೆಂಕಿ. ಒಗೆ ಇಲ್ಲ, ಸೌದೆ ಇಲ್ಲ, ಊದೋದಿಲ್ಲ. ಎಲ್ಲಾ ದನದ ಸಗಣೀಲಿ! ನನ್ನ ಕಣ್ಣಾರ ನೋಡ್ಕ ಬಂದಿವ್ನಿ.”

ಸತ್ಯಮಂಗಲದಲ್ಲಿ ಯಾರದೋ ಮನೆಯ ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಗುಂಡಿ ಮಾಡಿದ್ದರಂತೆ. ಅದನ್ನು ನೋಡಲು ನಿಂತ ಜನಕ್ಕೆ ಒಬ್ಬ ಆಫೀಸರು ತಮಿಳಿನಲ್ಲಿ ವಿವರಿಸುತ್ತಾ “ನೇರಂ ಮಿಚ್ಚಂ, ನೇರಂ ಮಿಚ್ಚಂ” ಎಂದನಂತೆ. ಹೊತ್ತು ಉಳಿಯುತ್ತದೆ ಎಂದು ಅದರ ಅರ್ಥ. ಇದನ್ನೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಇವರು ಇಷ್ಟು ನಂಬುತ್ತಿರಲಿಲ್ಲ. ತಾಳವಾಡಿ ಸೀಮೆಯ ನಮಗೆ ಮನೆಯ ಮಾತು ಕನ್ನಡ, ಆಫೀಸಿನ ಮಾತು ತಮಿಳು. ತಮಿಳಿನಲ್ಲಿ ಬಂದ ಮಾತೆಂದರೆ ಸರ್ಕಾರವೇ ಬಾಗಿಲಿಗೆ ಬಂದು ಹೇಳಿದಂತೆ. ಅವತ್ತಿನಿಂದ ಆ ಎರಡು ಮಾತು ಅವರ ಬಾಯಿಂದ ಇಳಿಯಲಿಲ್ಲ.

“ಸಗಣೀಲಿ ಬೇಯ್ಸಿದ್ ರಾಗಿ ಇಟ್ಟ ಅತ್ತೆ ಉಣ್ತಾರಾ?” ಎಂದು ಕೇಳಿದೆ.

ನಮ್ಮತ್ತೆ ಶಾಂತಮಲ್ಲಮ್ಮ ಮೂಲೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. “ಇಷ್ಟು ವರ್ಸ ಬೆರಣಿ ಉರ್ಸಿ ಬೇಯ್ಸಿದ್ದ ಉಂಡಿಲ್ವಾ? ನಂಗೇನು,” ಎಂದರು ತಲೆ ಎತ್ತದೆ.

ಮೇಲೆ ಹೀಗೆ ತಮಾಷೆ ಮಾಡಿದೆನೇ ಹೊರತು ಒಳಗೊಳಗೆ ನನಗೆ ಆ ಒಲೆ ಬೇಕು ಅನ್ನಿಸಿತು. ಬಹಳ ಬೇಕು ಅನ್ನಿಸಿತು. ನಮ್ಮ ಅಡುಗೆಮನೆ ಕತ್ತಲೆಯ ಗೂಡು. ಹಂಚಿನ ಸಂದಿ ಬಿಟ್ಟರೆ ಹೊಗೆಗೆ ಬೇರೆ ದಾರಿಯಿಲ್ಲ. ಆಷಾಢದ ಜಡಿ ಹಿಡಿದು ಸೌದೆ ನೆನೆದರಂತೂ ಊದಿ ಊದಿ ನನ್ನ ಕಣ್ಣು ಹಣ್ಣಾಗುತ್ತಿದ್ದವು. ಒಲೆ ಉರಿಯುವಾಗ ನಮ್ಮ ಯಜಮಾನರು ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಬಂದರೆ ಕೆಮ್ಮು. ಅವರ ತಟ್ಟೆ ಜಗಲಿಗೆ ಹೋಗುತ್ತಿತ್ತು, ಖಾಲಿಯಾಗಿ ಒಳಗೆ ಬರುತ್ತಿತ್ತು. ಉಪ್ಪು ಬೇಕು, ನೀರು ಬೇಕು, ಸಾಕು. ಸಂಸಾರವೆಂದರೆ ಬಾಗಿಲ ಆಚೆ ಒಬ್ಬರು ಈಚೆ ಒಬ್ಬರು ಕೂಗುವುದು ಎಂದುಕೊಂಡಿದ್ದೆ.

ಅರ್ಜಿ, ಆಫೀಸು ಎಂದು ತಾಳವಾಡಿಗೆ ಅಲೆದದ್ದನ್ನು ಬಿಟ್ಟುಬಿಡುತ್ತೇನೆ. ಬೇಸಿಗೆಯಲ್ಲಿ ಮೇಸ್ತ್ರಿ ಬಂದ. ನಮ್ಮ ಕೊಟ್ಟಿಗೆಯಲ್ಲಿದ್ದ ಎತ್ತು, ಎಮ್ಮೆ, ಹಸು ಎಲ್ಲ ನೋಡಿ ಸಣ್ಣ ಗುಂಡಿಯೇ ಸಾಕು ಎಂದ. ಇವರು ಒಪ್ಪಲಿಲ್ಲ. “ಮಾಡೋದಾದ್ರೆ ದೊಡ್ಡದಾಗೇ ಮಾಡು. ಎರಡ್ನೇ ಸಲ ಯಾರು ತೋಡ್ತಾರೆ?” ಎಂದರು. ಹಿತ್ತಿಲಲ್ಲಿ ಬಾವಿಯಷ್ಟು ಗುಂಡಿ ತೋಡಿದ್ದಾಯಿತು. ಅದಕ್ಕೆ ಮುಚ್ಚಲು ಲಾರಿಯಲ್ಲಿ ಒಂದು ಕಬ್ಬಿಣದ ಡ್ರಮ್ಮು ಬಂತು. ಊರಿಗೆ ಊರೇ ಹಿಂದೆ ಬಂತು. ಇವರ ಬಾಲ್ಯದ ಗೆಳೆಯ ಬಿಳಿಗಿರಿ ಅದರ ಮೇಲೆ ಗುದ್ದಿ ಸದ್ದು ಕೇಳಿದ.

“ಲೋ ಸಿದ್ದ, ಇದ್ರಲ್ಲಿ ಮದ್ವೆ ಊಟ ಬೇಯ್ಸಬೋದು ಕಣ್ಲಾ!”

ಇವರ ಪೂರ್ತಿ ಹೆಸರು ಸಿದ್ದಮಲ್ಲಪ್ಪ. ಬರಿ ಸಿದ್ದ ಎನ್ನುವ ಧೈರ್ಯ ಬಿಳಿಗಿರಿಗೆ ಮಾತ್ರ ಇತ್ತು.

ಮೇಸ್ತ್ರಿ ಹೋಗುವಾಗ ಹೇಳಿದ: ಸಗಣಿಗೆ ನೀರು ಕದಡಿ ಗುಂಡಿ ಮೇಲಿನವರೆಗೂ ತುಂಬಬೇಕು. ಆಮೇಲೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮನ್ನು ತಾನೇ ಮೇಲಕ್ಕೆತ್ತುತ್ತದೆ. ತುಂಬದಿದ್ದರೆ ಡ್ರಮ್ಮು ಕಟ್ಟೆಯ ಮೇಲೆ ಕೂತೇ ಇರುತ್ತದೆ, ಒಲೆಗೆ ಏನೂ ಬರುವುದಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಸಗಣಿ ರಾಜ್ಯಭಾರ.

ಮದುವೆಯಲ್ಲಿ ನಮ್ಮಪ್ಪ ಇವರಿಗೊಂದು ವಾಚು ಕೊಟ್ಟಿದ್ದರು. ಹಬ್ಬ, ಹರಿದಿನಕ್ಕಷ್ಟೇ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಆ ವಾಚು ಈಗ ದಿನವೂ ಅವರ ಕೈಮೇಲೆ ಕೂತಿತು. ಕೊಟ್ಟಿಗೆಯಲ್ಲಿ ನಿಂತು ವಾಚು ನೋಡುವ ಮನುಷ್ಯನನ್ನು ಎತ್ತುಗಳೂ ಆವರೆಗೆ ಕಂಡಿರಲಿಲ್ಲ. ಮೊದಲ ಆಜ್ಞೆ ದನಗಳ ಮೇಲೆ. ಕಾಡಂಚಿಗೆ ಮೇಯಲು ಹೋದರೆ ಅರ್ಧ ಸಗಣಿ ಅಲ್ಲೇ ಬಿದ್ದು ಹಾಳಾಗುತ್ತದೆ, ಇನ್ನು ಅವು ಮನೆಯಲ್ಲೇ ಇರಲಿ ಎಂದರು. ದನ ಮನೆಯಲ್ಲಿದ್ದರೆ ಹುಲ್ಲು ತರುವವರು ಯಾರು? ನಾನು. ಬದುವಿನಲ್ಲಿ ಕೂತು ಹುಲ್ಲು ಕೊಯ್ಯುತ್ತಾ “ನೇರಂ ಮಿಚ್ಚಂ” ಎಂದು ಎಷ್ಟು ಸಲ ಹಲ್ಲು ಕಡಿದೆನೋ.

ಅಡವಿಯಲ್ಲಿ ಹೊಟ್ಟೆ ಬಿರಿಯೆ ಮೇಯುತ್ತಿದ್ದ ದನ ಅವು. ಕಟ್ಟಿಹಾಕಿದ ಮೇಲೆ ಮುನಿಸಿಕೊಂಡು, ಹಾಕಿದ್ದನ್ನು ಮೂಸಿ ಬಿಟ್ಟು, ಮೊದಲಿಗಿಂತ ಕಡಿಮೆ ಸಗಣಿ ಹಾಕಿದವು. ಇವರು ಒಂದೊಂದರ ಹಿಂದೆಯೂ ಹೋಗಿ ನಿಂತು ನೋಡುತ್ತಿದ್ದರು. ಎಮ್ಮೆ ತಿರುಗಿ ಇವರನ್ನೇ ನೋಡುತ್ತಿತ್ತು.

ಎರಡನೆಯ ಆಜ್ಞೆ ಅತ್ತೆಯ ಮೇಲೆ. ಬಾಗಿಲಿಗೆ ಸಗಣಿ ನೀರು ಚಿಮುಕಿಸುವುದು ಬೇಡ, ನೆಲ ಸಾರಿಸುವುದು ಬೇಡ.

“ಸಗಣಿ ಸಾರ್ಸ್ದೆ ರಂಗೋಲೆ ನಿನ್ನ ತಲೆ ಮ್ಯಾಲೆ ಬುಡ್ನಾ?” ಎಂದರು ಅತ್ತೆ. ಇವರು ಬಗ್ಗಲಿಲ್ಲ. ಮಾರನೆಯ ಬೆಳಗಿನಿಂದ ಆ ಮುದುಕಿ ಮಗನಿಗಿಂತ ಮೊದಲೇ ಎದ್ದು, ತಮ್ಮ ಮನೆಯ ಕೊಟ್ಟಿಗೆಯಿಂದ ತಾವೇ ಸಗಣಿ ಕದ್ದು, ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಬಾಗಿಲು ಸಾರಿಸತೊಡಗಿದರು. ಕೇಳಿದರೆ ರಾಚಮ್ಮನ ಮನೆಯಿಂದ ತಂದೆ ಎನ್ನುತ್ತಿದ್ದರು. ಗೌರಿ ಹಬ್ಬದ ದಿನ ಪೂಜೆಗೆ ಸಗಣಿಯಲ್ಲಿ ಗಣಪನನ್ನು, ನಮ್ಮ ಕಡೆಯ ಬೆನವಣ್ಣನನ್ನು, ಮಾಡಿ ನೆತ್ತಿಗೆ ಗರಿಕೆ ಸಿಕ್ಕಿಸುತ್ತಿದ್ದಾಗ ಇವರು ಬಂದು ನಿಂತು, “ಬೆನವಣ್ಣ ಇಷ್ಟು ದಪ್ಪ ಯಾಕವ್ವಾ?” ಎಂದರು. ಅತ್ತೆ ನೋಡಿದ ನೋಟಕ್ಕೆ ವಾಚು ನಿಂತುಹೋಗಬೇಕಿತ್ತು.

ಮೂರನೆಯದು ನನಗೆ ಹೆಚ್ಚು ನೋವಾದದ್ದು. ಬಿಳಿಗಿರಿಯ ಹೆಂಡತಿ ರಾಚಮ್ಮನೂ ನಾನೂ ವಾರಕ್ಕೊಮ್ಮೆ ಸೌದೆಗೆ ಹೋಗುತ್ತಿದ್ದೆವು. ಹೋಗುವಾಗ ಅತ್ತೆಯರ ವಿಷಯ, ಬರುವಾಗ ಗಂಡಂದಿರ ವಿಷಯ. ದಾರಿಯಲ್ಲಿ ಕಾರೆ ಹಣ್ಣು, ನೆಲ್ಲಿಕಾಯಿ. ಇವರು ವಾಚು ನೋಡಿ, ಒಂದು ಹೊರೆ ಸೌದೆಗೆ ಅರ್ಧ ದಿನವೇ ಎಂದು, ತಾವೇ ಗಾಡಿ ಕಟ್ಟಿ ಒಂದೇ ಸಲಕ್ಕೆ ತಿಂಗಳ ಸೌದೆ ತಂದು ಹಾಕಿದರು. ಅದು ತಪ್ಪು ಎಂದು ಹೇಗೆ ಹೇಳಲಿ? ಹೊರೆ ಹೊರುವುದು ತಪ್ಪಿತಲ್ಲ. ಆದರೆ ನಗುವುದೂ ತಪ್ಪಿತು.

ಸಂಜೆ ನಮ್ಮ ಜಗಲಿಯಲ್ಲಿ ಕೂರುತ್ತಿದ್ದ ಬಿಳಿಗಿರಿಗೂ ಅದೇ ಗತಿ. ಅವನು ಮಳೆ ಎಂದು ಶುರುಮಾಡಿ, ಹಂದಿ ನುಗ್ಗಿದ ಹೊಲಕ್ಕೆ ಹೋಗಿ, ತಿಗನಾರೆಯ ನೆಂಟರ ಮನೆ ಸುತ್ತಿ, ಕೊನೆಗೆ ನೊಗ ಬೇಕಿತ್ತು ಎಂದು ಕೇಳುವವನು. ಇವರು ಮಳೆಯ ಹತ್ತಿರವೇ ತಡೆದು, “ವಿಷ್ಯ ಏನು ಏಳ್ಲಾ, ಬೇಗ ಏಳು,” ಎನ್ನತೊಡಗಿದರು. ಬಿಳಿಗಿರಿ ನೊಗ ತೆಗೆದುಕೊಂಡು ಸುಮ್ಮನೆ ಹೋದ.

ಒಂದು ದಿನ ಹುಲ್ಲಿನ ಹೊರೆ ಇಳಿಸಿ ಕೂತಿದ್ದವಳು ಕೇಳಿಯೇಬಿಟ್ಟೆ. “ಒಲೆ ಬಂದ್ಮೇಲೆ ನಂಗೆ ಒತ್ತು ಉಳೀತದೆ ಅಂದ್ರಲ್ಲ, ಆ ಒತ್ತಲ್ಲಿ ಏನ್ಮಾಡ್ಲಿ?”

ಅವರು ಅದನ್ನೂ ಯೋಚಿಸಿ ಇಟ್ಟಿದ್ದರು. “ಇನ್ನೊಂದು ಎಮ್ಮೆ ಕಟ್ಟಾಣ. ಎಮ್ಮೆ ಬಂದ್ರೆ ಸಗಣಿ.”

“ಸಗಣಿ ಬಂದ್ರೆ?”

“ಗ್ಯಾಸು.”

“ಗ್ಯಾಸು ಬಂದ್ರೆ?”

“ಒತ್ತು ಉಳೀತದೆ.”

“ಉಳುದ್ರೆ?”

“ಇನ್ನೊಂದು ಎಮ್ಮೆ.”

ಹೇಳುತ್ತಾ ಹೇಳುತ್ತಾ ಅವರಿಗೇ ಏನೋ ತಪ್ಪಿದಂತೆ ಕಂಡಿರಬೇಕು, ವಾಚಿಗೆ ಕೀಲಿ ಕೊಡುತ್ತಾ ಎದ್ದು ಹೋದರು.

ದೀಪಾವಳಿ ಹತ್ತಿರ ಬಂದರೂ ಗುಂಡಿ ಅರ್ಧವೇ ತುಂಬಿತ್ತು. ಡ್ರಮ್ಮು ಕಟ್ಟೆಯ ಮೇಲೆ ಅಲ್ಲಾಡದೆ ಕೂತಿತ್ತು. ನನ್ನ ಅಡುಗೆಮನೆಗೆ ಕೊಳವೆ ಬಂದು ನಿಂತಿತ್ತು, ತುದಿಯಲ್ಲಿ ಹೊಸ ಒಲೆ ಬೇರೆ. ಅದರ ಪಕ್ಕದಲ್ಲೇ ಕೂತು ಹಳೆಯ ಒಲೆಯನ್ನು ಊದುತ್ತಿದ್ದೆ. ಒಂದೊಂದು ದಿನ ಸಿಟ್ಟು ಬಂದು ಆ ಹೊಸ ಒಲೆಯ ಮೇಲೆ ಉಪ್ಪಿನ ಮಡಕೆ ಇಡುತ್ತಿದ್ದೆ.

ದೀಪಾವಳಿಯ ಬೆನ್ನಿಗೇ ನಮ್ಮೂರಿನ ಗೋರೆ ಹಬ್ಬ. ಬೀರೇಶ್ವರನ ಗುಡಿಯ ಹತ್ತಿರ ಊರಿನ ಸಗಣಿಯೆಲ್ಲ ಗುಡ್ಡೆ ಬೀಳುತ್ತದೆ. ಪೂಜೆಯಾದ ಮೇಲೆ ಗಂಡಸರು ಮಕ್ಕಳು ಅಂಗಿ ಬಿಚ್ಚಿ ಇಳಿದು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎರಚುತ್ತಾರೆ. ಭಾವ ಭಾವಮೈದುನನಿಗೆ, ಆಳು ಒಡೆಯನಿಗೆ. ಆ ಕಣದೊಳಗೆ ನಿಂತವನಿಗೆ ಏಟು ಬಿದ್ದರೆ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಹೆಂಗಸರು ಮನೆಗಳ ಮೇಲೆ ನಿಂತು ನಗುತ್ತೇವೆ. ಆಟ ಮುಗಿದ ಮೇಲೆ ಆ ಸಗಣಿ ಹೊಲಗಳಿಗೆ ಹೋಗುತ್ತದೆ. ದನ ಕಟ್ಟಿದ ಮನೆ ಯಾವುದೇ ಇರಲಿ, ಗುಡ್ಡೆಗೆ ಅದರ ಪಾಲು ಬರಲೇಬೇಕು.

ಆ ವರ್ಷ ಹಬ್ಬಕ್ಕೆ ಕೆಲವು ದಿನ ಮೊದಲೇ ಪಾಲು ಕೇಳಲು ಗಾಡಿ ಹೊಡೆದುಕೊಂಡು ಮನೆಮನೆಗೆ ಬಂದವನು ಬಿಳಿಗಿರಿ.

“ನಮ್ಮ ಮನೇದು ಕೊಡಾಕಿಲ್ಲ ಕಣ್ಲಾ,” ಎಂದರು ಇವರು.

ಬಿಳಿಗಿರಿ ನಕ್ಕ. ತಮಾಷೆ ಎಂದುಕೊಂಡ.

“ನಿಜ್ವಾಗ್ಲೂ. ಎಸ್ದಾಡಿ ತುಳ್ದಾಡಿ ದಂಡ ಮಾಡೋಕೆ ಯಾಕೆ ಕೊಡ್ಬೇಕು? ಇದು ಉರಿಯೋ ಸಾಮಾನು. ಬೇಕಾದ್ರೆ ಪೂಜೆಗೆ ಊವ ಕೊಡ್ತೀನಿ, ಕಾಯಿ ಕೊಡ್ತೀನಿ.”

ಬಿಳಿಗಿರಿಯ ನಗು ನಿಧಾನವಾಗಿ ಇಳಿಯಿತು. “ಸರಿ ಬುಡಪ್ಪ,” ಎಂದ. ಲಾ ಎನ್ನಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ಆ ‘ಅಪ್ಪ’ ಎದೆಗೆ ಚುಚ್ಚಿತು.

ಊರಿನವರು ಯಾರೂ ಜಗಳಕ್ಕೆ ಬರಲಿಲ್ಲ. ಇವರಿಗೆ ಬೇಕಾಗಿದ್ದನ್ನೇ ಕೊಟ್ಟರು ಅಷ್ಟೆ. ವೆಂಕಟಮ್ಮನ ಟೀ ಅಂಗಡಿಯಲ್ಲಿ ಇವರು ಕೂತ ತಕ್ಷಣ ಟೀ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೊದಲಾದರೆ ಲೋಟ ತಣ್ಣಗಾಗುವವರೆಗೂ ಊರ ಸುದ್ದಿ. ಈಗ ಪಕ್ಕದಲ್ಲಿ ಕೂತವರು ಎದ್ದು, “ಒತ್ತಾಯ್ತು, ನಿಮ್ಗೂ ಕೆಲ್ಸ ಇರ್ತದೆ,” ಎಂದು ಹೋಗಿಬಿಡುತ್ತಿದ್ದರು. ದಾರಿಯಲ್ಲಿ ಎದುರಾದವರು ಕೇಳಿದ್ದಕ್ಕೆ ಹೂಂ, ಉಹೂಂ. ಜಗಲಿ ಖಾಲಿ. ಇವರು ದೀಪಾವಳಿಯ ಸಂಜೆ ಒಬ್ಬರೇ ಅಲ್ಲಿ ಕೂತು ಬೀದಿ ನೋಡುತ್ತಿದ್ದರು. ಕೈಯಲ್ಲಿ ಹೊತ್ತು ಬೇಕಾದಷ್ಟಿತ್ತು. ನನಗೆ ಸಿಟ್ಟಿನ ಜೊತೆಗೆ ಅಯ್ಯೋ ಪಾಪ ಎಂದೂ ಅನ್ನಿಸಿತು.

ಹಬ್ಬದ ಬೆಳಿಗ್ಗೆ ರಾಚಮ್ಮ ಹಿತ್ತಿಲ ಬೇಲಿಯಾಚೆಯಿಂದ ಕೂಗಿದಳು. “ಚನ್ನಬಸಕ್ಕಾ, ನೋಡೋಕೆ ಬರಾಕಿಲ್ವಾ?”

“ಯಾವ ಮಕ ಒತ್ಕ ಬರ್ಲಿ ರಾಚಿ? ನಮ್ಮ ಮನೆ ಪಾಲೇ ಇಲ್ವಲ್ಲ ಅಲ್ಲಿ,” ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು. ಮದುವೆಯಾಗಿ ಬಂದ ಮೇಲೆ ನಾನು ಆ ಹಬ್ಬಕ್ಕೆ ಹೋಗದ ವರ್ಷವಿರಲಿಲ್ಲ.

ತಿರುಗಿ ನೋಡಿದೆ. ಗುಂಡಿಯ ಪಕ್ಕದಲ್ಲಿ ಹಿಂದಿನ ದಿನಗಳ ಸಗಣಿಯನ್ನು ಇವರು ಒದ್ದೆ ಗೋಣಿಯ ಕೆಳಗೆ ಮುಚ್ಚಿಟ್ಟಿದ್ದರು. ಅದಷ್ಟನ್ನೂ ಗುಂಡಿಗೆ ಹಾಕಿದರೂ ಡ್ರಮ್ಮು ಅಲ್ಲಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಒಲೆ ಹೇಗೂ ಇಲ್ಲ. ಒಲೆಯೂ ಇಲ್ಲದೆ ಊರೂ ಇಲ್ಲದೆ ನಾನು ಯಾಕಿರಲಿ? ಗೋಣಿ ಎಳೆದು ಬಿಸಾಡಿ ಮಂಕರಿ ಬುಟ್ಟಿಗೆ ಸಗಣಿ ತುಂಬಿದೆ. ತಲೆಗೆ ಎತ್ತಿಕೊಳ್ಳಲಾಗದೆ ಒದ್ದಾಡುತ್ತಿದ್ದಾಗ ಹಿಂದಿನಿಂದ ಯಾರೋ ಕೈ ಕೊಟ್ಟರು. ಅತ್ತೆ.

“ಇನ್ನೊಂದೆರಡು ಕೈ ಆಕ್ಕ,” ಎಂದರು ಅತ್ತೆ. “ನಮ್ಮ ಮನೆ ಪಾಲು ಅಂದ್ರೆ ಕಾಣಂಗಿರ್ಬೇಕು.”

ನಾನು ಮುಂದೆ, ಬೇಲಿ ದಾಟಿ ಬಂದು ಮಿಕ್ಕ ಸಗಣಿಯನ್ನು ಅರ್ಧ ಮಂಕರಿ ತುಂಬಿ ಹೊತ್ತ ರಾಚಮ್ಮ ಹಿಂದೆ. ಬೀದಿಯ ತಿರುವಿಗೆ ಬಂದಿದ್ದೆವೋ ಇಲ್ಲವೋ, ಹಿಂದಿನಿಂದ ಕೂಗು ಕೇಳಿತು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಕೈಯಲ್ಲಿ ವಾಚು, ನಮ್ಮ ಯಜಮಾನರು ಬರಿಗಾಲಲ್ಲಿ ಓಡಿಬರುತ್ತಿದ್ದರು.

“ಬಸಮ್ಮಿ, ನಿಂತ್ಕ! ಒಂದು ಮಾತು ಕೇಳು!”

ನಾನು ನಿಲ್ಲಲಿಲ್ಲ. ಹೆಜ್ಜೆ ಇನ್ನೂ ಚುರುಕು ಮಾಡಿದೆ. ಗುಡಿಯ ಪಕ್ಕ ಆಗ ತಾನೇ ಪೂಜೆ ಮುಗಿದಿತ್ತು. ಗಂಡಸರು ಸುತ್ತ ನಿಂತಿದ್ದರು. ನಾನು ನೇರವಾಗಿ ನಡೆದು ಗುಡ್ಡೆಯ ಮೇಲೆ ಮಂಕರಿ ಬೋರಲು ಹಾಕಿದೆ.

“ಏನಕ್ಕಾ ಇದು?” ಎಂದ ಬಿಳಿಗಿರಿ.

“ನಮ್ಮ ಮನೆ ಪಾಲು,” ಎಂದು ಹೇಳಿ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಬಂದೆ.

ಅಷ್ಟರಲ್ಲಿ ಇವರು ಏದುಸಿರು ಬಿಡುತ್ತಾ ಬಂದರು. ಬಂದವರು ತಾವು ಎಲ್ಲಿ ನಿಂತಿದ್ದೇವೆ ಎಂದು ನೋಡಲಿಲ್ಲ. ಕಣದ ನಡುವೆ, ಗುಡ್ಡೆಯ ಪಕ್ಕದಲ್ಲೇ ನಿಂತು ಕೈ ಎತ್ತಿದರು. “ನೋಡಿ, ನಾ ಏಳೋದ ಸ್ವಲ್ಪ ಕೇಳಿ. ಈ ಸಗಣಿ…”

“ವಿಷ್ಯ ಏನು ಏಳ್ಲಾ, ಬೇಗ ಏಳು,” ಎಂದ ಬಿಳಿಗಿರಿ. “ಒತ್ತಿಲ್ಲ.”

ಹೇಳಿದವನೇ ನಾನು ಸುರಿದ ಸಗಣಿಯಿಂದಲೇ ಒಂದು ಉಂಡೆ ಎತ್ತಿ ಬೀಸಿದ. ಇಸ್ತ್ರಿ ಅಂಗಿಯ ಎದೆಯ ಮೇಲೆ ಅದು ಪಚಕ್ಕನೆ ಕೂತಿತು.

“ಕೋಪ ಮಾಡ್ಕಬ್ಯಾಡ ಕಣ್ಲಾ, ಇದು ನಿಂದೇ!”

ಇವರು ಎದೆ ನೋಡಿಕೊಂಡರು. ಆಮೇಲೆ, ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ನೋಡಿ, ಆ ಸಗಣಿಯನ್ನು ಒಂದು ಚೂರೂ ಕೆಳಗೆ ಬೀಳದಂತೆ ಎದೆಯಿಂದ ಬಳಿದು ಅಂಗೈಯಲ್ಲಿ ಹಿಡಿದುಕೊಂಡು, ಹಾಕಲು ಮಂಕರಿ ಎಲ್ಲಿದೆ ಎಂದು ಸುತ್ತಲೂ ಹುಡುಕಿದರು.

ಮನೆಗಳ ಮೇಲಿದ್ದ ಹೆಂಗಸರಲ್ಲಿ ಯಾರೋ ಮೊದಲು ನಕ್ಕರು. ಆಮೇಲೆ ಇಡೀ ಊರು ನಕ್ಕಿತು. ನಾನಂತೂ ರಾಚಮ್ಮನ ಹೆಗಲು ಹಿಡಿದುಕೊಂಡು ನಕ್ಕೆ. ಇವರು ಅಂಗೈ ನೋಡಿದರು, ನನ್ನನ್ನು ನೋಡಿದರು, ಬಿಳಿಗಿರಿಯನ್ನು ನೋಡಿದರು. ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಮರುಕ್ಷಣ ಆ ಸಗಣಿ ಬಿಳಿಗಿರಿಯ ಮೂಗಿನ ಮೇಲಿತ್ತು.

“ನಂದು ಆದ್ರೆ ನೀನೇ ಮಡಿಕ್ಕಳ್ಲಾ!”

ಆಮೇಲಿನದನ್ನು ಹೇಗೆ ಹೇಳಲಿ? ಅಂಗಿ ಎಲ್ಲಿ ಹೋಯಿತೋ, ಪಂಚೆ ಯಾವಾಗ ಮೊಣಕಾಲ ಮೇಲೆ ಬಂತೋ. ಆ ಮನುಷ್ಯ ಎರಡು ಕೈಯಲ್ಲೂ ಉಂಡೆ ಕಟ್ಟಿ, ಬಿದ್ದು, ಎದ್ದು, ಬಿಳಿಗಿರಿಯನ್ನು ಕೆಡವಿಕೊಂಡು ಉರುಳಾಡಿ, ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದ ಹಾಗಾದರು. ಅವರ ನಗು ಅಷ್ಟು ಜೋರಾದದ್ದು ಎಂದು ನನಗೆ ಗೊತ್ತಿರಲಿಲ್ಲ. ನಾನು ಮನೆಯ ಮೇಲೆ ಹತ್ತಿ ನಿಂತು ಸಾಕಾಗುವಷ್ಟು ನೋಡಿದೆ. ಬಹಳ ಸಂತೋಷವಾಯಿತು.

ಆಟ ಮುಗಿದು ಎಲ್ಲರೂ ಕೆರೆಗೆ ಹೊರಡುವಾಗ ಬಿಳಿಗಿರಿ ಇವರ ಹೆಗಲ ಮೇಲೆ ಕೈ ಹಾಕಿದ.

“ಗುಂಡಿ ತುಂಬ್ಲಿಲ್ವಂತೆ?”

“ಇಲ್ಲ ಕಣ್ಲಾ. ನಮ್ಮ ದನಕ್ಕೆ ಮೀರಿ ದೊಡ್ಡದ ತೋಡ್ಬುಟ್ಟೆ.” ಇಷ್ಟು ದಿನ ಮನೆಯಲ್ಲಿ ನನಗೂ ಹೇಳದ ಮಾತನ್ನು ಊರಿನ ಮುಂದೆ ಹೇಳಿದರು. “ಬಸಮ್ಮಿ ಕಣ್ಣು ಒಗೇಲಿ ಓಯ್ತಾ ಅವೆ. ನಾನು ಸಗಣಿ ಕಾಯ್ಕ ಕೂತಿವ್ನಿ.”

ಬಿಳಿಗಿರಿ ಗುಡ್ಡೆಯ ಕಡೆ ತಿರುಗಿ ನೋಡಿದ. ದೊಡ್ಡವರ ಹತ್ತಿರ ಹೋಗಿ ಏನೋ ಮಾತಾಡಿದ. ವಾಪಸು ಬಂದು ಕೂಗಿ ಹೇಳಿದ: “ಒಬ್ಬೊಬ್ರು ಒಂದೊಂದು ಮಂಕರಿ ಒಲಕ್ಕೆ ತಕ್ಕಳಿ. ಮಿಕ್ಕಿದ್ದೆಲ್ಲಾ ಸಿದ್ದನ ಗುಂಡಿಗೆ. ಗ್ಯಾಸು ಬಂದ ದಿನ ಊರಿಗೆಲ್ಲಾ ಕಾಪಿ ಕಾಯ್ಸ್ಬೇಕು, ಅದೇ ಒಲೇಲಿ. ಒಪ್ಗೆನಾ?”

“ಒಪ್ಗೆ!” ಎಂದು ಕೂಗಿದ್ದು ಇವರಲ್ಲ, ನಾನು. ಮನೆಯ ಮೇಲಿನಿಂದ.

ಕೆರೆಗೆ ಹೋಗಬೇಕಾದ ಜನ ಸಗಣಿ ಮೈಯಲ್ಲೇ ನಮ್ಮ ಹಿತ್ತಿಲಿಗೆ ಬಂದರು. ಗಾಡಿಗಳು ಬಂದವು. ಹೆಂಗಸರು ಬಾವಿಯಿಂದ ಸಾಲಾಗಿ ನಿಂತು ಕೊಡ ಕೈಬದಲಾಯಿಸಿದೆವು. ಬೆಳಗಿನಿಂದ ಅಷ್ಟು ಜನ ತುಳಿದ ಸಗಣಿಯಲ್ಲಿ ಒಂದು ಗಂಟೂ ಉಳಿದಿರಲಿಲ್ಲ. ನೀರು ಬಿದ್ದ ಕೂಡಲೇ ಅಂಬಲಿಯ ಹಾಗೆ ಕದಡಿತು. ನಾವು ಬೇಸಿಗೆಯಿಂದ ಗುದ್ದಾಡಿ ಅರ್ಧ ಮಾಡಿದ ಕೆಲಸ ಹೊತ್ತು ಮುಳುಗುವುದರೊಳಗೆ ಮುಗಿಯಿತು.

ಆಗ ಇವರು ಅಭ್ಯಾಸದಂತೆ ಗಂಟೆ ನೋಡಲು ಕೈ ಎತ್ತಿದರು. ಕೈ ಬರಿದಾಗಿತ್ತು.

“ವಾಚು!” ಎಂದೆ. “ನಮ್ಮಪ್ಪ ಕೊಟ್ಟಿದ್ದು!”

ಎಲ್ಲರೂ ಗುಂಡಿಯ ಕಡೆ ನೋಡಿದರು. ಅತ್ತೆ ಇಣುಕಿ ನೋಡಿ, “ಅದೂ ಕೊಳ್ತು ಗ್ಯಾಸಾಗ್ಲಿ ಬುಡು,” ಎಂದರು. ಇವರು ಹುಡುಕಲಿಲ್ಲ. ಮಣಿಕಟ್ಟಿನ ಬಿಳಿ ಗುರುತನ್ನು ಒಮ್ಮೆ ಉಜ್ಜಿಕೊಂಡರು ಅಷ್ಟೆ. ನಮ್ಮಪ್ಪನಿಗೆ ಏನು ಹೇಳಬೇಕೆಂದು ನನಗೆ ಕ್ಷಣ ಚಿಂತೆಯಾಯಿತು, ಆಮೇಲೆ ಅದೂ ಮರೆತುಹೋಯಿತು.

ಗ್ಯಾಸು ಆತುರ ಮಾಡಲಿಲ್ಲ. ದಿನಗಳು ಹೋದವು. ದನಗಳನ್ನು ಮತ್ತೆ ಕಾಡಂಚಿಗೆ ಬಿಟ್ಟೆವು. ಮಾಡಲು ಬೇರೇನೂ ಇಲ್ಲದೆ ಇವರು ಸಂಜೆಯ ಹೊತ್ತು ಗುಂಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಡ್ರಮ್ಮು ಎದ್ದಿತಾ ಎಂದು ಕೇಳಲು ಬಿಳಿಗಿರಿ ಬಂದ. ಕೇಳಿ ಹೋಗುವವನು ಕೂತ. ಅವನು ಕೂತದ್ದು ನೋಡಿ ಇನ್ನೊಬ್ಬ ಬಂದ. ಜಗಲಿಯ ಮಾತೆಲ್ಲ ಹಿತ್ತಿಲಿಗೆ ಬಂತು. ಬಿಳಿಗಿರಿ ಮಳೆಯಿಂದ ಶುರುಮಾಡಿ ತಿಗನಾರೆಯ ನೆಂಟರ ಮನೆಯವರೆಗೆ ಹೋಗಿ ಬರುತ್ತಿದ್ದ, ಇವರು ತಡೆಯುತ್ತಿರಲಿಲ್ಲ. ಅಂಥ ಒಂದು ಸಂಜೆ ಅವರೆಲ್ಲ ಯಾವುದಕ್ಕೋ ನಗುತ್ತಿದ್ದಾಗ ಡ್ರಮ್ಮು ಗುಡುಗುಡು ಎಂದು ಓಲಾಡಿ ಒಂದು ಗೇಣು ಮೇಲೆದ್ದಿತು.

ಊರೆಲ್ಲ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂತು. ನಾನು ಕಡ್ಡಿ ಗೀಚಿದೆ. ಬುಸ್ ಎಂದು ಗಾಳಿ ಬಂತು, ಕಡ್ಡಿ ಆರಿತು. ಇನ್ನೊಂದು ಗೀಚಿದೆ, ಅದೂ ಆರಿತು. ಇವರ ಮುಖ ಕಪ್ಪಿಟ್ಟಿತು. ಬಸ್ಸಿನವನ ಕೈಯಲ್ಲಿ ಮೇಸ್ತ್ರಿಗೆ ಹೇಳಿಕಳಿಸಿದೆವು. ಮೊದಲು ಬರುವ ಗ್ಯಾಸು ಉರಿಯುವುದಿಲ್ಲ, ಅದನ್ನು ಹೊರಗೆ ಬಿಟ್ಟು ಮತ್ತೆ ಕಾಯಿರಿ ಎಂದು ಉತ್ತರ ಬಂತು. “ಕಾಯಾಣ ಬುಡಿ, ಕೂರೋಕೆ ಕಟ್ಟೆ ಅದ್ಯಲ್ಲ,” ಎಂದ ಬಿಳಿಗಿರಿ.

ಎರಡನೆಯ ಸಲ ನೀಲಿ ಬೆಂಕಿ ಬಂತು. ಸದ್ದಿಲ್ಲ, ಹೊಗೆಯಿಲ್ಲ. ನಾನು ಉಪ್ಪಿನ ಮಡಕೆಯನ್ನು ಅದರ ಮೇಲಿಡುತ್ತಿದ್ದೆನಲ್ಲ, ಅದಕ್ಕೆ ಮನಸ್ಸಿನಲ್ಲೇ ಕೈಮುಗಿದು ತಪ್ಪಾಯಿತು ಎಂದೆ.

ಮಾತು ಕೊಟ್ಟಂತೆ ಕಾಫಿ ದಿನ ಬಂತು. ಆ ಒಲೆಗೆ ಇದ್ದದ್ದು ಒಂದೇ ಬಾಯಿ. ನಮ್ಮ ಮನೆಯ ದೊಡ್ಡ ಪಾತ್ರೆಯಿಟ್ಟರೂ ಒಂದು ಸಲಕ್ಕೆ ನಾಲ್ಕಾರು ಮನೆಯವರಿಗೆ ಸಾಕಾಗುವಷ್ಟೇ ಬೆಲ್ಲದ ಕಾಫಿ. ಬೆಳಿಗ್ಗೆ ಒಲೆ ಹಚ್ಚಿದವಳು ಮಧ್ಯಾಹ್ನವಾದರೂ ಇಳಿಸುತ್ತಲೇ ಇದ್ದೆ. ನಡುವೆ ಡ್ರಮ್ಮು ಇಳಿದುಹೋಗಿ, ಅದು ಮತ್ತೆ ಏಳುವವರೆಗೂ ಎಲ್ಲರೂ ಕಾದರು. ಹೊತ್ತು ಉಳಿಸಲು ತಂದ ಒಲೆ ಆ ದಿ‌ನ ಊರಿನ ಹೊತ್ತನ್ನೆಲ್ಲ ತಿಂದುಹಾಕಿತು. ಯಾರಿಗೂ ಬೇಸರವಿರಲಿಲ್ಲ. ಕುಡಿದವರು ಮನೆಗೆ ಹೋಗಲಿಲ್ಲ, ಕುಡಿಯದವರು ಅವಸರ ಮಾಡಲಿಲ್ಲ. ಅತ್ತೆ ಬಂದವರಿಗೆಲ್ಲ ತಾವು ಸಗಣಿ ಕದಿಯುತ್ತಿದ್ದ ಕತೆ ಹೇಳಿದರು, ಮಗನ ಎದುರಿಗೇ. ಗುಂಡಿಯಿಂದ ಹೊರಬೀಳುವ ಗಸಿ ಯಾರ ಹೊಲಕ್ಕೆ ಮೊದಲು ಎಂದು ಗಂಡಸರು ಅಲ್ಲೇ ಮಾತಾಡಿಕೊಂಡರು. ಊರ ಪಾಲು ಊರಿಗೇ ಹೋಗಲಿ ಎಂದರು ಇವರು.

ಹೊರಡುವಾಗ ರಾಚಮ್ಮ ಕೇಳಿದಳು. “ನಾಳೀಕೆ ಕಾಡ್ಗೆ ಓಗ್ಮಾ ಅಕ್ಕಾ?”

“ಸೌದೆ ಬ್ಯಾಡ್ವಲ್ಲೇ ಇನ್ನು.”

“ಸೌದೆ ಯಾರಿಗ್ಬೇಕು? ನೆಲ್ಲಿಕಾಯಿ ಬಿಟ್ಟವೆ.”

ಸಂಜೆ ಎಲ್ಲರೂ ಹೋದ ಮೇಲೆ ಮಕ್ಕಳು ಅತ್ತೆಯ ಜೊತೆ ಜಗಲಿಯಲ್ಲಿದ್ದರು. ನಾನು ಹಿಟ್ಟಿಗೆ ಎಸರಿಟ್ಟೆ. ರಾಗಿ ಹಿಟ್ಟು ಹಾಕಿ ಕೋಲು ಹಿಡಿದು ತೊಳಸುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಯಜಮಾನರು. ತಲೆ ಬಗ್ಗಿಸಿ ಒಳಗೆ ಬಂದು, ಮಣೆ ಎಳೆದುಕೊಂಡು, ಒಲೆಯ ಪಕ್ಕದಲ್ಲೇ ಕೂತರು.

“ಏನು ಬೇಕಿತ್ತು?” ಎಂದೆ.

“ಏನೂ ಇಲ್ಲ.”

“ಮತ್ತೆ?”

“ಸುಮ್ನೆ.”

ಕೆಮ್ಮಲಿಲ್ಲ. ಸುಮ್ಮನೆ ನೋಡುತ್ತಾ ಕೂತಿದ್ದರು. ನನಗೆ ನಾಚಿಕೆಯಾಗಿ ಇನ್ನೂ ಜೋರಾಗಿ ಹಿಟ್ಟು ತೊಳಸಿದೆ.

“ಇಟ್ಟು ತೊಳಸುವಾಗ ನೀನು ನಾಲ್ಗೆ ತುದಿ ಕಚ್ಕತೀಯ ಕಣಮ್ಮಿ,” ಎಂದರು. “ಇಷ್ಟು ವರ್ಸ ನಂಗೆ ಗೊತ್ತೇ ಇರ್ನಿಲ್ಲ.”

ಎದೆ ತುಂಬಿ ಬಂತು. “ಒಗೇಲಿ ಎಲ್ಲಿ ಕಾಣ್ಬೇಕು,” ಎಂದೆ.

ತಟ್ಟೆಯನ್ನು ಅಲ್ಲೇ ಇಟ್ಟೆ. ಅಲ್ಲೇ ಉಂಡರು. ನಾನೂ ಎದುರಿಗೆ ತಟ್ಟೆ ಹಾಕಿಕೊಂಡೆ. ಇನ್ನೊಂದು ಎಮ್ಮೆಯ ಮಾತು ಬರಲಿಲ್ಲ. ನಾಳೆ ನೆಲ್ಲಿಕಾಯಿ ತಂದರೆ ತಮಗೂ ಉಪ್ಪು ಹಚ್ಚಿಟ್ಟಿರು ಎಂದರು. ಉಂಡು ಕೈತೊಳೆದ ಮೇಲೂ ಅವರು ಎದ್ದು ಹೋಗಲಿಲ್ಲ. ಏಳಿ ಎಂದು ನಾನೂ ಹೇಳಲಿಲ್ಲ.